ಹೊಸ ವ್ಯಾನಿನ ವಾಸನೆ

ಹನ್ನೊಂದು ವರ್ಷ ಹಂದಿ ಕರುಳು ತೊಳೆದವಳಿಗೆ ಮೂಗು ಸತ್ತುಹೋಗಿರುತ್ತದೆ ಎಂದು ಜನ ತಿಳಿದಿದ್ದರು. ಯೊನ್‌ಸಿಲ್‌ಗೆ ಆದದ್ದು ಅದರ ತದ್ವಿರುದ್ಧ. ಜೆಚೊನ್ ಬಸ್ ನಿಲ್ದಾಣದ ಹಿಂದಿನ ಹೋಟೆಲಿನಲ್ಲಿ ದಿನಕ್ಕೆ ನಾಲ್ಕು ಬುಟ್ಟಿ ಕರುಳನ್ನು ಒಳಗಿನದು ಹೊರಗೆ ಮಾಡಿ, ಹಿಟ್ಟು ಉಪ್ಪು ಹಾಕಿ ಉಜ್ಜೀ ಉಜ್ಜೀ ಅವಳ ಮೂಗು ಬೇಟೆನಾಯಿಯ ಮೂಗಾಗಿತ್ತು. ಸಂಜೆ ಬಸ್ಸಿನಲ್ಲಿ ಪಕ್ಕದವರು ಎದ್ದು ಬೇರೆ ಸೀಟಿಗೆ ಹೋಗುವುದು ಯಾಕೆಂದು ಅವಳಿಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ.

ಐವತ್ತೆರಡು ತುಂಬಿದ ವರ್ಷ ಅವಳು ಆ ಬುಟ್ಟಿಗಳಿಗೆ ಕೈಮುಗಿದು ಹೊರಬಿದ್ದಳು. ದೊಡ್ಡ ಗಾಡಿಯ ಲೈಸೆನ್ಸ್ ಮಾಡಿಸಿ, ಕೂಡಿಟ್ಟದ್ದೆಲ್ಲ ಸುರಿದು, ಹದಿನೈದು ಸೀಟಿನ ಹಳದಿ ವ್ಯಾನು ತಂದಳು. ಊರಿನ ಶಿಶುವಿಹಾರದ ಮಕ್ಕಳನ್ನು ಮನೆಯಿಂದ ಕರೆತಂದು ಮತ್ತೆ ಬಿಟ್ಟುಬರುವ ಕೆಲಸ. ಶಿಶುವಿಹಾರದ ಪ್ಯೊ ಮೇಡಂ ಹಾಕಿದ್ದು ಒಂದೇ ಶರತ್ತು. ಮುಂದಿನ ವಾರ ಬಿಟ್ಟು ಅದರಾಚೆ ಸೋಮವಾರ ತಾನೂ ಇಬ್ಬರು ತಾಯಂದಿರೂ ವ್ಯಾನಿನಲ್ಲಿ ಒಂದು ಸುತ್ತು ಕೂತು ನೋಡುವುದು, ಒಪ್ಪಿದರೆ ಕೆಲಸ, ಇಲ್ಲದಿದ್ದರೆ ಇಲ್ಲ. ಇಲ್ಲ ಅಂದರೆ ಮತ್ತೆ ಕರುಳಿನ ಬುಟ್ಟಿಯೇ ಗತಿ.

ವ್ಯಾನಿನ ಜೊತೆ ಐನೂರು ಪುಟದ ಕೈಪಿಡಿ ಬಂದಿತ್ತು. ಊರಿನ ಯಾವ ಗಂಡಸೂ ಅದನ್ನು ಪ್ಲಾಸ್ಟಿಕ್ ಚೀಲದಿಂದ ಹೊರಗೆ ತೆಗೆಯುವುದಿಲ್ಲ. ಯೊನ್‌ಸಿಲ್ ಮಾತ್ರ ಮನೆಗೆಲಸ ಮುಗಿಸಿ ಚಾಲಕಿಯ ಸೀಟಿನಲ್ಲಿ ಕೂತು, ಮೂಗಿನ ಮೇಲೆ ಕನ್ನಡಕ ಇಳಿಸಿ, ಮೊದಲನೇ ಪುಟದಿಂದ ಓದತೊಡಗಿದಳು. ಪುಟದಲ್ಲಿ ಯಾವ ಗುಂಡಿಯ ಚಿತ್ರವಿದೆಯೋ ಆ ಗುಂಡಿ ಒತ್ತಿ ನೋಡಿ, ಆಮೇಲೆ ಪುಟ ತಿರುಗಿಸುವುದು. ಮಲಗಿಬಿಟ್ಟ ಮಗು ಒಳಗೇ ಉಳಿಯಬಾರದೆಂದು ಕೊನೆಯ ಸೀಟಿನವರೆಗೂ ನಡೆದುಹೋಗಿ ಒತ್ತಬೇಕಾದ ಗಂಟೆಯನ್ನು ಅವಳು ಆರು ಸಲ ಒತ್ತಿದಳು.

"ಏನೇ, ಪಬ್ಲಿಕ್ ಪರೀಕ್ಷೆಗೆ ಕೂತಿದ್ದೀಯಾ?" ಎಂದ ಗಂಡ ದೊಕ್‌ಮಾನ್, ಬಾಗಿಲಿಗೆ ಒರಗಿ ಹಲ್ಲು ಚುಚ್ಚಿಕೊಳ್ಳುತ್ತ. ಇಪ್ಪತ್ತಾರು ವರ್ಷ ಲಾರಿ ಓಡಿಸಿದ ಆಸಾಮಿ. "ಗಾಡೀನ ಕುಂಡಿಯಿಂದ ಕಲೀಬೇಕು ಕಣೇ, ಕಣ್ಣಿಂದಲ್ಲ."

"ನೀವು ಹಾಗೆ ಕಲ್ತಿದ್ದಕ್ಕೇ ಅಲ್ವಾ ಎರಡು ಲಾರಿ ಹಳ್ಳ ಸೇರಿದ್ದು?"

ಅವನು ಉಗುಳಿ ಒಳಗೆ ಹೋದ.

ಸೀಟುಗಳ ಮೇಲಿನ ಪ್ಲಾಸ್ಟಿಕ್ ಹೊದಿಕೆ ತೆಗೆಯಿರಿ ಎಂದು ಕೈಪಿಡಿ ಹೇಳಿತು. ಅವಳು ಹರಿದು ಬಿಸಾಡಿದಳು. ಹೊಸ ಗಾಡಿಯ ಪ್ಲಾಸ್ಟಿಕ್ಕನ್ನು ಮೂರು ವರ್ಷವಾದರೂ ಉಳಿಸಿಕೊಂಡು ಮೆರೆಯುವ ಊರಿನಲ್ಲಿ ಅದು ಸಣ್ಣ ಅಪರಾಧವಲ್ಲ. ಆದರೆ ಪ್ಲಾಸ್ಟಿಕ್ ಹೋದಮೇಲೆ ಹೊಸ ಬಟ್ಟೆಯ ವಾಸನೆ ಬಂತು. ಅವಳು ಬಾಗಿಲು ಮುಚ್ಚಿಕೊಂಡು ಅದನ್ನು ಎದೆ ತುಂಬ ಎಳೆದುಕೊಂಡಳು.

ಆ ಭಾನುವಾರ ಗಾಡಿಗೆ ಗೋಸಾ, ಅಂದರೆ ಹೊಸ ಗಾಡಿಗೆ ಕೆಡುಕು ತಟ್ಟದಿರಲೆಂದು ಮಾಡುವ ಪೂಜೆ. ಅದು ಬೇಡ ಎನ್ನುವ ಧೈರ್ಯ ಅವಳಿಗೂ ಇರಲಿಲ್ಲ. ಮಕ್ಕಳು ಕೂರುವ ಗಾಡಿ. ಅತ್ತೆ ಬೇಯಿಸಿದ ಹಂದಿತಲೆ ತಂದರು. ಬಿಳಿ ದಾರ ಸುತ್ತಿದ ಒಣಮೀನು ತಂದರು. ಎರಡು ದೊಡ್ಡ ಬಾಟಲಿ ಮಕ್ಕೊಲ್ಲಿ, ಅಂದರೆ ಮನೆಮಂದಿಯೆಲ್ಲ ಕುಡಿಯುವ ಆ ಬೆಳ್ಳನೆಯ ಅಕ್ಕಿ ಹೆಂಡ, ತಂದರು. ವ್ಯಾನಿನ ಮುಂದೆ ಮೇಜು ಹಾಕಿ ಎಲ್ಲವನ್ನೂ ಜೋಡಿಸಿದ ಯೊನ್‌ಸಿಲ್ ಮಂಡಿಯೂರಿ ನಮಸ್ಕಾರ ಮಾಡಿ, ನೆರೆಯವರಿಗೆ ಅಕ್ಕಿ ಕಡುಬು ಹಂಚಲು ಬೀದಿಗೆ ಹೋದಳು. ಬರುವಷ್ಟರಲ್ಲಿ ಎಲ್ಲ ಮುಗಿದು, ಗಂಡ ಹಂದಿಕಿವಿ ಹೆಚ್ಚಿಕೊಂಡು ಕುಡಿಯುತ್ತ ಕೂತಿದ್ದ.

ಗುರುವಾರ ವಾಸನೆ ಶುರುವಾಯಿತು. ಜುಲೈ ತಿಂಗಳ ಸೆಕೆ, ಏಸಿ ಹಾಕಿದಳು. ಮೊದಲು ಹುಳಿ. ಅದರ ಹಿಂದೆಯೇ ಕೊಳೆತ ಕೊಬ್ಬಿನ ಜಿಡ್ಡು ವಾಸನೆ ಗಂಟಲಿಗೆ ಬಂದು ಕೂತಿತು. ಅವಳು ಗಾಡಿ ನಿಲ್ಲಿಸಿ ರಸ್ತೆ ಬದಿಯಲ್ಲಿ ಓಕರಿಸಿದಳು. ಮನೆಗೆ ಬಂದು ಸೀಟಿನಡಿ, ಚಾಪೆಯಡಿ, ಡಿಕ್ಕಿ ಎಲ್ಲ ಜಾಲಾಡಿದಳು. ಡಿಕ್ಕಿಯಲ್ಲಿ ಅತ್ತೆ ಇಟ್ಟ ಒಣಮೀನು ಇತ್ತು. ಮೂಸಿದಳು, ಪಾಪ, ಅದು ಬರೀ ಒಣಮೀನಿನ ಹಾಗೆ ಇತ್ತು. ಆದರೂ ಅದನ್ನು ತೆಗೆದು ಮನೆಯ ತೊಲೆಗೆ ಕಟ್ಟಿದಳು. ಶುಕ್ರವಾರ ವಾಸನೆ ಇನ್ನೂ ಹೆಚ್ಚಾಯಿತು.

"ರೀ, ಒಂಚೂರು ಬಂದು ಮೂಸಿ ನೋಡ್ರಿ. ನಂಗೆ ಹುಚ್ಚು ಹಿಡೀತಿದೆ."

ದೊಕ್‌ಮಾನ್ ತಲೆ ಒಳಗೆ ಹಾಕಿದ. ಒಂದು ಕ್ಷಣ ಏಸಿಯ ಕಿಂಡಿಯತ್ತ ನೋಡಿದ. ಆಮೇಲೆ ಅವಳತ್ತ ತಿರುಗಿದ.

"ಗಾಡೀದಲ್ಲ ಬೊರಾ ಅಮ್ಮ," ಎಂದ, ಮೆಲ್ಲಗೆ, ಮಗಳ ಹೆಸರು ಹಿಡಿದು ಕರೆಯುವ ಒಳ್ಳೆಯ ದನಿಯಲ್ಲಿ. "ಬೇಜಾರ್ ಮಾಡ್ಕೋಬೇಡ. ಹನ್ನೊಂದು ವರ್ಷ ಕರುಳಲ್ಲಿ ಕೈಯಾಡಿಸಿದ್ದೀಯ. ಚರ್ಮದೊಳಗೆ ಇಳಿದಿರುತ್ತೆ. ಮುಚ್ಚಿದ ಗಾಡಿ, ಸೆಕೆ, ಬೆವರು. ನಂಗೆ ಅಭ್ಯಾಸ ಆಗಿದೆ, ನಾನೇನೂ ಅನ್ಕೊಳ್ಳಲ್ಲ."

ಬೈದಿದ್ದರೆ ಅವಳು ತಿರುಗಿ ಬೈಯುತ್ತಿದ್ದಳು. ಕನಿಕರಕ್ಕೆ ಏನು ಹೇಳುವುದು? ಅವಳು ನಂಬಿಬಿಟ್ಟಳು. ಸಾರ್ವಜನಿಕ ಸ್ನಾನಗೃಹಕ್ಕೆ ಹೋಗಿ ಬಿಸಿನೀರಿನ ತೊಟ್ಟಿಯಲ್ಲಿ ಒಂದು ಗಂಟೆ ನೆನೆದು, ಒರಟು ಹಸಿರು ಬಟ್ಟೆಯಿಂದ ತೋಳು, ಕುತ್ತಿಗೆ, ಕಂಕುಳು ತಿಕ್ಕಿದಳು. ಮೈ ಉಜ್ಜುವ ಹೆಂಗಸು ಬಂದು ಕೈ ಹಿಡಿದಳು. "ಸಾಕು ಅಕ್ಕಾ, ಇನ್ನು ಕೊಳೆ ಇಲ್ಲ, ರಕ್ತ ಬರ್ತಿದೆ." ಯೊನ್‌ಸಿಲ್‌ಗೆ ತನ್ನ ಮೈಯನ್ನು ಕಂಡರೇ ಹೇಸಿಗೆಯಾಯಿತು. ನಾಲ್ಕು ವರ್ಷದ ಮಕ್ಕಳು ಮೂಗು ಮುಚ್ಚಿಕೊಂಡು ಕೂತಂತೆ ಕಣ್ಣಿಗೆ ಕಟ್ಟಿತು. ಸೋಮವಾರ ಬರಬೇಡಿ ಎಂದು ಪ್ಯೊ ಮೇಡಂಗೆ ಫೋನ್ ಮಾಡಲು ಎರಡು ಸಲ ನಂಬರು ಒತ್ತಿ ನಿಲ್ಲಿಸಿದಳು.

ಶನಿವಾರ ಮಧ್ಯಾಹ್ನ, ಹಿಡಿದ ಪುಸ್ತಕವನ್ನಾದರೂ ಮುಗಿಸೋಣ ಎಂದು ಅವಳು ಕೈಪಿಡಿ ತೆರೆದಳು. ಮುನ್ನೂರ ಹನ್ನೆರಡನೇ ಪುಟ. ಹೊರಗಿನ ಗಾಳಿ ವ್ಯಾನಿನೊಳಗೆ ಬರುವುದು ಮುಂಗಾಜಿನ ಬುಡದ, ವೈಪರ್ ಕೆಳಗಿನ ಜಾಲರಿಯಿಂದ. ಅಲ್ಲಿ ಏನೂ ಬೀಳದಂತೆ ನೋಡಿಕೊಳ್ಳಿ. ಕೆಟ್ಟ ವಾಸನೆ ಬಂದರೆ ಎಡ ಸೀಟೋ ಬಲ ಸೀಟೋ ಎಂದು ಹುಡುಕದೆ, ಮುಂದಿನ ಸೀಟಿನೆದುರಿನ ಸಣ್ಣ ಪೆಟ್ಟಿಗೆಯ ಹಿಂದಿರುವ ಏಸಿ ಫಿಲ್ಟರ್ ತೆಗೆದು ನೋಡಿ. ಚಿತ್ರ ನೋಡುತ್ತ ಅವಳು ಪೆಟ್ಟಿಗೆ ಕಳಚಿದಳು, ಎರಡು ಕೊಂಡಿ ಒತ್ತಿದಳು, ಎಳೆದಳು.

ಬಿಳಿಯ ಕಾಗದದ ಫಿಲ್ಟರು ಕಂದು ಬಣ್ಣಕ್ಕೆ ತಿರುಗಿ ಲೋಳೆಲೋಳೆಯಾಗಿತ್ತು. ಮಡಿಕೆ ಮಡಿಕೆಯಲ್ಲೂ ಹುಳಿತ ಅಕ್ಕಿಯ ಗಸಿ, ಅದರ ಮೇಲೆ ಬೂದು ಬೂಷ್ಟು, ಹೆಪ್ಪುಗಟ್ಟಿದ ಕೊಬ್ಬು. ನಡುವೆ ಸಣ್ಣ ಬಿಳಿ ಹುಳುಗಳು ಕದಲುತ್ತಿದ್ದವು. ಅವಳು ಅದನ್ನು ಕೈಯಲ್ಲಿ ಹಿಡಿದುಕೊಂಡೇ ಅಂಗಳಕ್ಕೆ ಹೋದಳು. ಬೆಳ್ಳುಳ್ಳಿ ಸುಲಿಯುತ್ತಿದ್ದ ಅತ್ತೆ ಅಂಗೈಯಿಂದ ಮೂಗು ಮುಚ್ಚಿಕೊಂಡರು.

"ಅತ್ತೆ, ಪೂಜೆ ದಿನ ಹೆಂಡ ಎಲ್ಲಿಗೆ ಹೊಯ್ದಿರಿ?"

"ಚಕ್ರಕ್ಕೆ ಕಣಮ್ಮ. ಎಲ್ಲರೂ ಹೊಯ್ಯೋ ಹಾಗೆ." ಮುದುಕಿ ಫಿಲ್ಟರನ್ನೇ ನೋಡಿದರು. "ಉಳಿದಿದ್ದು ತಲೆ ಮೇಲೆ ಹೊಯ್ದೆ."

"ಯಾವ ತಲೆ?"

"ಹಂದಿ ತಲೇನೆ. ನೀನು ಕಡುಬು ಹಂಚೋಕೆ ಹೋದಾಗ ಫೋಟೋ ಚೆನ್ನಾಗಿ ಬರುತ್ತೆ ಅಂತ ಅವನು ಅದನ್ನ ಗಾಡಿ ಮೂತಿ ಮೇಲೆ ಕೂರಿಸ್ದ. ಜಾರ್ತಿತ್ತು ಅಂತ ಗಾಜಿನ ಬುಡಕ್ಕೆ ಒತ್ತಿ ನಿಲ್ಲಿಸ್ದ. ಒಳಗೆ ಫ್ಯಾನು ಬೇರೆ ಬಿಟ್ಟಿದ್ದ. ಹೊಯ್ದಿದ್ದೆಲ್ಲ ಸುರ್ ಅಂತ ಒಳಗೆ ಹೋಯ್ತು." ಒಂದು ಎಸಳು ಸುಲಿದು ಮುಗಿಸಿದರು. "ಅಯ್ಯೋ ಏನಾಗುತ್ತೋ ಅಂದೆ. ಪುಸ್ತಕದಮ್ಮನಿಗೆ ಹೇಳ್ಬೇಡ, ಪ್ರಾಣ ತಿಂತಾಳೆ ಅಂದ. ಅವನಿಗೆ ಹೇಳ್ಬೇಡ ತಾಯಿ, ನಾನು ಹೇಳ್ದೆ ಅಂತ."

ಆಗ ಅವಳಿಗೆ ಗಂಡ ಕಿಂಡಿಯತ್ತ ನೋಡಿದ ಆ ಒಂದು ಕ್ಷಣ ನೆನಪಾಯಿತು. ಗೊತ್ತಿತ್ತು ಅವನಿಗೆ. ಗೊತ್ತಿದ್ದೇ ಮೆಲ್ಲಗೆ ಮಾತಾಡಿದ್ದ. ಒಂದು ಫೋಟೋದ ಬೈಗುಳ ತಪ್ಪಿಸಿಕೊಳ್ಳಲು ಅವಳ ಮೈಯನ್ನೇ ನಾರುವಂತೆ ಮಾಡಿದ್ದ. ಆದರೆ ಜಗಳಕ್ಕೆ ಸಮಯವಿರಲಿಲ್ಲ. ಅಂಗಡಿ ಮುಚ್ಚುವುದರೊಳಗೆ ಹೊಸ ಫಿಲ್ಟರ್ ತಂದು, ಜಾಲರಿ ಬಿಚ್ಚಿ, ಕರುಳು ತೊಳೆದ ಅದೇ ಶ್ರದ್ಧೆಯಿಂದ ಸೋಪುನೀರು ಹಾಕಿ ಸಂದಿಗೊಂದಿಯನ್ನೆಲ್ಲ ತೊಳೆದಳು. ಭಾನುವಾರ ಪೂರ್ತಿ ಬಾಗಿಲು ತೆರೆದಿಟ್ಟು ಒಣಗಿಸಿದಳು.

ಸೋಮವಾರ ಪ್ಯೊ ಮೇಡಂ ಹಿಂದಿನ ಸೀಟಿನಲ್ಲಿ ಕೂತರು. ಇಬ್ಬರು ತಾಯಂದಿರು ಬೆಲ್ಟು ಎಳೆದು ನೋಡಿದರು, ಗಂಟೆ ಒತ್ತಿಸಿದರು. ಯೊನ್‌ಸಿಲ್ ಏಸಿ ಹಾಕಿದಳು. ಯಾರೂ ಕಿಟಕಿ ತೆರೆಯಲಿಲ್ಲ. ಕೆರೆ ಸುತ್ತಿ ಬರುವಷ್ಟರಲ್ಲಿ ಒಬ್ಬ ತಾಯಿಗೆ ತೂಕಡಿಕೆ ಬಂದು ತಲೆ ಯೊನ್‌ಸಿಲ್ ಕೂತ ಸೀಟಿನ ಬೆನ್ನಿಗೇ ಒರಗಿತು, ಅವಳ ಕುತ್ತಿಗೆಯಿಂದ ಒಂದು ಗೇಣು ದೂರಕ್ಕೆ.

"ನಾಳೆ ಎಂಟೂಕಾಲಿಗೆ ಬಂದ್ಬಿಡಿ," ಎಂದರು ಪ್ಯೊ ಮೇಡಂ ಇಳಿಯುತ್ತ.

ಮನೆ ಮುಂದೆ ದೊಕ್‌ಮಾನ್ ಇಸ್ತ್ರಿ ಅಂಗಿ ಹಾಕಿಕೊಂಡು ಕಾಯುತ್ತಿದ್ದ. ಬಾಗಿಲು ತೆಗೆದು ಮುಂದಿನ ಸೀಟಿನಲ್ಲಿ ಕೂತು ಏಸಿ ಜೋರು ಮಾಡಿದ.

"ಆಯ್ತಾ? ನಾನು ಹೇಳಿರ್ಲಿಲ್ವಾ. ನಡಿ, ಪೇಟೇಲಿ ಬಿಡು."

"ಇಳೀರಿ."

"ಯಾಕೆ?"

"ನೀವು ನಾರ್ತಿದ್ದೀರ," ಎಂದಳು, ಅವನು ಆಡಿದಷ್ಟೇ ಮೆಲ್ಲಗೆ. "ಫಿಲ್ಟರ್ ನಾನೇ ತೆಗ್ದೆ ರೀ. ನೋಡ್ದೆ."

ಅವನು ಇಳಿದ. ಅವಳು ಬಾಗಿಲು ಮುಚ್ಚಿ ಹೊರಟಳು. ಕನ್ನಡಿಯಲ್ಲಿ ಅವನು ರಸ್ತೆಯ ನಡುವೆ ನಿಂತು, ಯಾರೂ ನೋಡುತ್ತಿಲ್ಲ ತಾನೇ ಎಂದು ಅತ್ತಿತ್ತ ನೋಡಿ, ತನ್ನ ಕಂಕುಳು ಮೂಸಿಕೊಳ್ಳುತ್ತಿದ್ದ.