ಹಸಿರು ಗುಂಡಿಯ ಕಡ್ಡಿ

ಮುಂದಕ್ಕೆ ವಾಲುತ್ತಿದ್ದ ತಂದೆಯ ತಲೆಯನ್ನು ಕಸ್ತೂರಿ ಎರಡೂ ಅಂಗೈಗಳಿಂದ ಎತ್ತಿ ಹಿಡಿದಿದ್ದಳು. ಮಠದ ಅಯ್ನೋರು ಬಿಳಿಯ ಪಟ್ಟಿಯೊಂದನ್ನು ಹಣೆಯ ಮೇಲಿಂದ ತಂದು ಗೋಡೆಯ ಗೂಟಕ್ಕೆ ಬಿಗಿದರು. ಈಗ ಷಣ್ಮುಖಪ್ಪ ನೆಟ್ಟಗೆ ಕುಳಿತರು, ಕರೆಂಟು ಸ್ಟೇಷನ್ನಿನ ಕುರ್ಚಿಯಲ್ಲಿ ಕೂರುತ್ತಿದ್ದ ಹಾಗೆಯೇ. ನಿನ್ನೆ ಸಂಜೆ ಕೆಲಸ ಮುಗಿಸಿ ಬಂದು ಕಟ್ಟೆಯ ಮೇಲೆ ಒರಗಿದವರು ಮತ್ತೆ ಏಳಲಿಲ್ಲ. ತಾಯಿ ಕೊಟ್ರಮ್ಮ ಗಂಡನ ಎಡಗೈಯಲ್ಲಿ ಲಿಂಗವಿಟ್ಟು ಬೆರಳುಗಳನ್ನು ಮಡಚುತ್ತಾ, ಮಗಳಿಗೆ ಮಾತ್ರ ಕೇಳುವಂತೆ ಹೇಳಿದರು:

"ಮಣ್ಣು ಕೊಡೋ ತನಕ ಕರೆಂಟು ಬರದಿದ್ರೆ ಸಾಕವ್ವ."

ಕಸ್ತೂರಿಗೆ ಬಿಡಿಸಿ ಹೇಳಬೇಕಿರಲಿಲ್ಲ. ಎಂಬತ್ತೆಂಟರ ಬೇಸಿಗೆ. ಶರಾವತಿಯ ಅಣೆಕಟ್ಟಿನಲ್ಲಿ ನೀರು ತಳ ಸೇರಿದೆಯೆಂದು ರೇಡಿಯೋದಲ್ಲಿ ಹೇಳುತ್ತಲೇ ಇದ್ದರು. ಕತ್ತಲಗೆರೆಯಿಂದ ಮೇಲಕ್ಕೆ, ನಾಲೆಯ ನೀರು ಹತ್ತದ ಈ ಊರಿನ ಬಾವಿಗಳಿಗೆ ಮೋಟಾರು ತಿರುಗುವಷ್ಟು ಕರೆಂಟು ಸಿಗುತ್ತಿದ್ದುದು ದಿನಕ್ಕೆ ಒಂದೆರಡು ತಾಸು. ಅದೂ ಯಾವಾಗ ಎಂದು ಹೇಳುವಂತಿರಲಿಲ್ಲ. ಬಂತೆಂದರೆ ಜನ ಉಣ್ಣುವ ಎಲೆ ಬಿಟ್ಟು ಎದ್ದು ಹೊಲಕ್ಕೆ ಓಡುತ್ತಿದ್ದರು. ಹೋದ ತಿಂಗಳ ಮದುವೆಯೊಂದರಲ್ಲಿ ಅಕ್ಷತೆ ಹಾಕಲು ಹೆಂಗಸರಷ್ಟೇ ಉಳಿದಿದ್ದರು.

ಇವತ್ತೂ ಹಾಗೆಯೇ ಹೆಣ ಕೂರಿಸಿ ಹೊತ್ತ ವಿಮಾನವನ್ನು ದಾರಿಯಲ್ಲಿ ಇಳಿಸಿ ಓಡಿದರೆ? ಅದರಲ್ಲಿ ಕೂತಿರುವವರು ಬೇರೆ ಯಾರೋ ಆಗಿದ್ದರೆ ಮಾತು ಬೇರೆ. ಷಣ್ಮುಖಪ್ಪ ಚನ್ನಗಿರಿಯ ಸ್ಟೇಷನ್ನಿನಲ್ಲಿ ಕರೆಂಟು ಹಾಕಿ ತೆಗೆಯುವ ಆಪರೇಟರಾಗಿದ್ದರು. ಲೋಡು ಇಳಿಸಿ ಎಂದು ಮೇಲಿನಿಂದ ಫೋನು ಬಂದರೆ ಯಾವುದೋ ಒಂದು ಲೈನು ತೆಗೆಯಲೇಬೇಕು. ಅವರು ಮೊದಲು ತೆಗೆಯುತ್ತಿದ್ದುದು ತಮ್ಮ ಊರಿನದ್ದನ್ನೇ. ತನ್ನವರನ್ನು ಉಳಿಸಿಕೊಂಡ ಎಂದು ಬೇರೆ ಊರಿನವರು ಆಡಬಾರದು, ಅಷ್ಟೆ. ಬೇರೆ ಊರಿನವರಿಗೆ ಅದು ತಿಳಿಯಲೇ ಇಲ್ಲ. ತಮ್ಮ ಊರಿನವರು ಮರೆಯಲಿಲ್ಲ.

ಜಗಲಿಯ ಮೇಲೆ ಊರಿನ ರೈತ ಉಚ್ಚಂಗೆಪ್ಪ ಎಲೆಯಡಿಕೆ ಚೀಲ ಬಿಚ್ಚುತ್ತಾ, "ಸತ್ತ ಮೇಲೂ ನಮ್ದೇ ಮೊದ್ಲು ತೆಗೆಸ್ಯಾನೆ ನೋಡ್ರಿ. ಬೆಳಿಗ್ಗಿಂದ ಒಂದು ಬಲ್ಬೂ ಮಿಣುಕಿಲ್ಲ" ಎಂದ.

"ಮೆಲ್ಲಗೆ ಮಾತಾಡಲೇ, ಕುಂತ್ಕಂಡು ಕೇಳಿಸ್ಕಂತಾನೆ" ಎಂದಳು ಪಕ್ಕದ ಮನೆಯ ಮುದುಕಿ ದುರುಗಕ್ಕ.

ಯಾರೋ ನಕ್ಕು, ನಗುವನ್ನು ಕೆಮ್ಮಾಗಿ ಮಾಡಿದರು. ಆಗ ಷಣ್ಮುಖಪ್ಪನವರ ಚಿಕ್ಕಪ್ಪನ ಮಗ ಮಲ್ಲೇಶಪ್ಪ ಒಳಗೆ ಬಂದ. ಅಣ್ಣನ ಜೊತೆ ಮಾತು ಬಿಟ್ಟು ನಾಲ್ಕು ವರ್ಷವಾಗಿತ್ತು. ಹಾರ ಹಾಕಿ, ಮುಖವನ್ನೇ ಸ್ವಲ್ಪ ಹೊತ್ತು ನೋಡಿದ. ಹೊರಗೆ ಹೋಗಿ, ಇಬ್ಬರನ್ನು ಕರೆದುಕೊಂಡು ಹೊಲದ ದಾರಿ ಹಿಡಿದ.

"ನೋಡಿದ್ಯಾ" ಎಂದರು ಕೊಟ್ರಮ್ಮ. "ಆಗ್ಲೇ ಮೋಟ್ರು ಕಾಯಾಕೆ ಹೋದ."

*

ಮಾತು ಬಿಟ್ಟದ್ದು ಸ್ಟೇಷನ್ನಿನಲ್ಲೇ. ಆ ಬೇಸಿಗೆ ಮಲ್ಲೇಶಪ್ಪ ಬೇರು ಸಮೇತ ಕಿತ್ತ ಒಣ ಶೇಂಗಾ ಗಿಡವನ್ನು ತಂದು ಅಣ್ಣನ ಮೇಜಿನ ಮೇಲೆ ಇಟ್ಟಿದ್ದ. ಷಣ್ಮುಖಪ್ಪ ಗಿಡವನ್ನು ಪಕ್ಕಕ್ಕೂ ಸರಿಸಲಿಲ್ಲ. ನಿನ್ನ ಲೈನು ಹಾಕಿದರೆ ಇನ್ನೊಬ್ಬ ಇಂಥದ್ದೇ ಗಿಡ ಹಿಡಿದುಕೊಂಡು ಬರುತ್ತಾನೆ, ಅವನಿಗೆ ಏನು ಹೇಳಲಿ ಎಂದು ಕೇಳಿದರು. ವರ್ಷಾ ವರ್ಷಾ ಬಾವಿ ಹೆಚ್ಚುತ್ತವೆ, ಮೋಟಾರು ಹೆಚ್ಚುತ್ತವೆ, ಗಿರಣಿ ಹೆಚ್ಚುತ್ತವೆ, ಕರೆಂಟು ಮಾತ್ರ ಮಳೆಯನ್ನೇ ನಂಬಿಕೊಂಡಿದೆ ಎಂದರು. ಆಮೇಲೆ ಗೋಡೆಯ ಕಡೆ ಕೈ ತೋರಿಸಿದರು. ಅಲ್ಲಿ ದಾವಣಗೆರೆಯ ವಸ್ತುಪ್ರದರ್ಶನದಿಂದ ತಂದ ಒಂದು ಚಿತ್ರ ಅಂಟಿಸಿತ್ತು: ಬೋರಲು ಹಾಕಿದ ಬೋಗುಣಿಯಂಥ ಗುಮ್ಮಟ, ಅದರ ಪಕ್ಕದಿಂದ ಹೊರಟ ತಂತಿಗಳು.

"ಅಣುಶಕ್ತಿ. ಇದಕ್ಕೆ ಮಳೆ ಬ್ಯಾಡ ಮಲ್ಲೇಶಿ. ಇಂಥವು ನಾಕಾರು ಆದ್ರೆ ನಾನು ಯಾರದ್ದೂ ತೆಗೆಯೋ ಹಂಗಿಲ್ಲ. ಈ ಕೆಲ್ಸನೇ ಬ್ಯಾಡ ಅಂತ ಎದ್ದು ಬರ್ತೀನಿ."

"ಅಲ್ಲೀಗಂಟ?"

"ಅಲ್ಲೀಗಂಟ ಆ ಕಡ್ಡಿ ತೆಗೀರಪ್ಪ. ಒಬ್ರಾದ ಮ್ಯಾಲೆ ಒಬ್ರು ಹಾಕ್ರಿ."

ಕಡ್ಡಿಯ ಮಾತು ಊರಿಗೆಲ್ಲ ಗೊತ್ತಿದ್ದದ್ದೇ. ಕರೆಂಟು ಬಂದಕೂಡಲೇ ಮೋಟಾರು ತಾನಾಗಿ ತಿರುಗಲಿ ಎಂದು ಪ್ರತಿಯೊಬ್ಬರೂ ಸ್ಟಾರ್ಟರಿನ ಹಸಿರು ಗುಂಡಿಯನ್ನು ಒತ್ತಿ, ಅದು ಮೇಲೆ ಬಾರದಂತೆ ಕಡ್ಡಿ ಸಿಕ್ಕಿಸಿ ಇಡುತ್ತಿದ್ದರು. ಕರೆಂಟು ಬರುತ್ತಿತ್ತು, ಊರಿನ ಮೋಟಾರುಗಳೆಲ್ಲ ಒಟ್ಟಿಗೆ ಗುಡುಗುತ್ತಿದ್ದವು, ಟ್ರಾನ್ಸ್‌ಫಾರ್ಮರಿನ ಫ್ಯೂಸು ಸುಟ್ಟು ಬೀಳುತ್ತಿತ್ತು. ಲೈನ್‌ಮನ್ ಬಂದು ಕಟ್ಟುವಷ್ಟರಲ್ಲಿ ಊರಿನ ಕರೆಂಟಿನ ಸರದಿಯೇ ಮುಗಿದಿರುತ್ತಿತ್ತು. ಆದರೂ ಯಾರೂ ಕಡ್ಡಿ ತೆಗೆಯಲಿಲ್ಲ. ನಾನು ತೆಗೆದರೆ ಪಕ್ಕದವನು ತೆಗೆಯುತ್ತಾನೆಂದು ನೆಚ್ಚಿಕೆಯೇನು?

ಮಲ್ಲೇಶಪ್ಪ ಒಣ ಗಿಡವನ್ನು ಅಲ್ಲೇ ಬಿಟ್ಟು ಎದ್ದ. "ನಿನ್ನ ಅಣು ಬರೋದ್ರೊಳಗೆ ನಾವೇ ಮಣ್ಣಾಗಿರ್ತೀವಿ ಬಿಡು" ಎಂದು ಹೋದವನು ಮತ್ತೆ ಮಾತಾಡಿಸಲಿಲ್ಲ.

*

ಹೊತ್ತೇರಿದ ಮೇಲೆ ಬಸ್ಸಿನಲ್ಲಿ ಯರ್ರಿಸ್ವಾಮಿ ಬಂದ. ಬಿಳಿಚೋಡಿನವನು, ಷಣ್ಮುಖಪ್ಪನವರ ಕೈಕೆಳಗೆ ಕೆಲಸ ಕಲಿತವನು. ಕಾಲಿಗೆ ನಮಸ್ಕಾರ ಮಾಡಿ ಎದ್ದು, ಹೆಂಗಸರ ಕಡೆ ನಡೆದು, ಇವತ್ತು ಈ ಊರಿನ ಸರದಿ ಮಧ್ಯಾಹ್ನ ಎಂದು ತಿಳಿಸಿದ. ಮಣ್ಣು ಕೊಡುವ ಹೊತ್ತಿಗೇ ಬರುತ್ತದೆ. ಕೊಟ್ರಮ್ಮನ ಮುಖ ನೋಡಿ ಅವರ ಅಂಜಿಕೆ ಅವನಿಗೆ ತಿಳಿಯಿತು.

"ಅಮ್ಮಾರೆ, ಪೋಸ್ಟಾಫೀಸಿಗೆ ಹೋಗಿ ನಾನೊಂದು ಫೋನ್ ಹಚ್ತೀನಿ. ಕುಂತಿರೋನು ನಮ್ಮ ಹುಡುಗನೇ. ಒಂದು ತಾಸು ತಡೆದು ಹಾಕ್ತಾನೆ. ಯಾರಿಗೂ ಗೊತ್ತಾಗಲ್ಲ."

ಕಸ್ತೂರಿ ಮಾಡಿಬಿಡಿ ಎನ್ನುವುದರಲ್ಲಿದ್ದಳು. ಬಾಯಿಯವರೆಗೂ ಬಂದಿತ್ತು. ಬೆಳಿಗ್ಗೆಯಿಂದ ಅದೊಂದನ್ನೇ ಬೇಡಿಕೊಂಡಿದ್ದ ತಾಯಿ ಸೆರಗನ್ನು ಹೆಗಲಿಗೆ ಎಳೆದುಕೊಂಡರು.

"ಬ್ಯಾಡಪ್ಪ. ಅವ್ರು ಇರೋತನಕ ನಮಗೋಸ್ಕರ ಹಾಕಿದ್ದಿಲ್ಲ, ತೆಗೆದಿದ್ದಿಲ್ಲ. ಇವತ್ತು ಅವ್ರನ್ನ ಮುಂದೆ ಕುಂಡ್ರಿಸ್ಕಂಡು ಆ ಕೆಲ್ಸ ಮಾಡಾಕಾಗಲ್ಲ. ಹೋಗೋರು ಹೋಗ್ಲಿ. ನಾನು, ಇವ್ಳು, ನೀನು, ಮೂರು ಮಂದಿ ಇದೀವಲ್ಲ, ಮಣ್ಣು ಹಾಕಾಕೆ."

*

ಕಸ್ತೂರಿ ದಾವಣಗೆರೆಯ ಸೊಸೈಟಿಯೊಂದರಲ್ಲಿ ಹಗಲು ಕೆಲಸ ಮಾಡಿ ಸಂಜೆ ಕಾಲೇಜಿಗೆ ಹೋಗುತ್ತಿದ್ದಳು. ಹಿಂದಿನ ವರ್ಷ ಅಲ್ಲಿ ಕೆಲವರು ಕಾರವಾರದ ಕಾಡಿನಲ್ಲಿ ಬರಲಿರುವ ಅಣುಸ್ಥಾವರ ಬೇಡವೆಂದು ಸಹಿ ಪಡೆಯುತ್ತಿದ್ದರು. ರಷ್ಯಾದಲ್ಲಿ ಅಂಥದ್ದೊಂದು ಸಿಡಿದ ಸುದ್ದಿ ಇನ್ನೂ ಎಲ್ಲರ ಬಾಯಲ್ಲಿತ್ತು. ಅವಳೂ ಸಹಿ ಹಾಕಿದಳು. ಊರಿಗೆ ಬಂದವಳು ಅದನ್ನು ಮುಚ್ಚಿಡಲಾರದೆ ಊಟದ ಹೊತ್ತಿಗೆ ಹೇಳಿಬಿಟ್ಟಳು.

"ನೀವು ಊರಿನ ಲೈನು ತೆಗೀತೀರಿ, ಅವ್ರು ಕಾಡಿನೋರ ಬದುಕನ್ನೇ ತೆಗೀತಾರೆ. ಅಷ್ಟೇ ಅಲ್ವೇನಪ್ಪ? ಉರಿದು ಉಳಿದದ್ದು ಸಾವಿರಾರು ವರ್ಷ ವಿಷ ಅಂತೆ."

ಷಣ್ಮುಖಪ್ಪ ಕೈಯಲ್ಲಿದ್ದ ಮುದ್ದೆಯ ತುತ್ತನ್ನು ತಟ್ಟೆಗಿಟ್ಟರು. ಬಯ್ಯುತ್ತಾರೆಂದುಕೊಂಡಿದ್ದಳು. ಅವರು, "ಆ ಉಳಿದದ್ದನ್ನ ಎಲ್ಲಿ ಇಡ್ತಾರಂತೆ?" ಎಂದು ಕೇಳಿದರು. ಕೇಳ್ಕಂಡು ಬಂದು ಹೇಳ್ತೀನಿ ಎಂದಳು.

ಅಂದಿನಿಂದ ಅವಳು ಬಸ್ಸಿಳಿದು ಬಂದಾಗಲೆಲ್ಲ ಅವರ ಮೊದಲ ಮಾತು ಅದೇ: "ಅದು ಗೊತ್ತಾತೇನವ್ವ?" ಇಲ್ಲವೆಂದರೆ ತಲೆಯಾಡಿಸಿ ಚೀಲ ಇಸಿದುಕೊಳ್ಳುತ್ತಿದ್ದರು. ಗೋಡೆಯ ಚಿತ್ರವನ್ನು ಅವರು ತೆಗೆಯಲಿಲ್ಲ. ಆದರೆ ಆಮೇಲೆ ಯಾರಿಗೂ ಕೈ ಮಾಡಿ ತೋರಿಸಲೂ ಇಲ್ಲವೆಂದು ಯರ್ರಿಸ್ವಾಮಿ ಹೇಳಿದ್ದ. ಕಸ್ತೂರಿಗೂ ತನ್ನ ಸಹಿಯ ಬಗ್ಗೆ ಪೂರ್ತಿ ಧೈರ್ಯವಿರಲಿಲ್ಲ. ಪರೀಕ್ಷೆಯ ದಿನಗಳಲ್ಲಿ ದೀಪ ಹೋಗಿ, ಸೀಮೆಎಣ್ಣೆ ಬುಡ್ಡಿಯ ಮುಂದೆ ಕಣ್ಣು ಉರಿಯುವಾಗ, ಎಲ್ಲಿಂದಾದರೂ ಸರಿ, ಬರಲಿ ಎಂದು ಅವಳೂ ಅಂದುಕೊಂಡದ್ದುಂಟು.

*

ಗುಣಿ ತೋಡಿದ್ದು ಅವರದೇ ಹೊಲದಲ್ಲಿ, ಪಂಪ್‌ಮನೆಯ ಪಕ್ಕದಲ್ಲಿ. ವಿಮಾನ ದಾರಿಯಲ್ಲೆಲ್ಲೂ ನಿಲ್ಲದೆ ಬಂತು. ಅಯ್ನೋರು ಒಳಗಿಳಿದು ಷಣ್ಮುಖಪ್ಪನವರನ್ನು ಗೂಡಿನಲ್ಲಿ ಕೂರಿಸಿ ವಿಭೂತಿ ಗಟ್ಟಿಗಳನ್ನೂ ಬಿಲ್ವಪತ್ರೆಯನ್ನೂ ಇಟ್ಟು ಮೇಲೆ ಬಂದರು. ಕೊಟ್ರಮ್ಮ ಮೊದಲ ಹಿಡಿ ಮಣ್ಣಿಗೆ ಬಗ್ಗಿದಾಗ ಪಂಪ್‌ಮನೆಯ ಬಾಗಿಲ ಮೇಲಿನ ಬಲ್ಬು ಹತ್ತಿಕೊಂಡಿತು. ಕರೆಂಟು ಬಂದದ್ದು ಗೊತ್ತಾಗಲೆಂದು ಸದಾ ಬಿಟ್ಟಿದ್ದ ಬಲ್ಬು. ಬಿಸಿಲಿನಲ್ಲೂ ಎಲ್ಲರಿಗೂ ಕಂಡಿತು.

ಕೊಟ್ರಮ್ಮ ಕಣ್ಣು ಮುಚ್ಚಿಕೊಂಡರು. ಓಡುವ ಕಾಲುಗಳ ಸದ್ದಿಗೆ ಕಾದಂತಿತ್ತು. ಕಸ್ತೂರಿ ಸುತ್ತಲಿನ ಹೊಲಗಳನ್ನು ನೋಡಿದಳು. ಒಂದು ಮೋಟಾರೂ ಗುಡುಗಲಿಲ್ಲ. ದೂರದಲ್ಲಿ ದನವೊಂದು ಕೂಗಿದ್ದು ಕೇಳಿಸಿತು.

ಉಚ್ಚಂಗೆಪ್ಪ ಒಂದು ಹೆಜ್ಜೆ ಹಿಂದಕ್ಕೆ ಇಟ್ಟ. ಆಗ ಬದುವಿನ ಮೇಲಿಂದ ಮಲ್ಲೇಶಪ್ಪ ಬೆವರು ಒರೆಸಿಕೊಳ್ಳುತ್ತಾ ಇಳಿದು ಬಂದು ಅವನ ಪಕ್ಕದಲ್ಲೇ ನಿಂತ. ಅಂಗಿಯ ಜೇಬಿನಿಂದ ಬಿದಿರಿನ ಕಡ್ಡಿಗಳು ಹೊರಗೆ ಇಣುಕುತ್ತಿದ್ದವು.

"ನಿಂದೂ ತೆಗೆದೀನಿ. ನಂದೂ ತೆಗೆದೀನಿ. ಊರಿನವೆಲ್ಲ ತೆಗೆದೀವಿ" ಎಂದ. "ಮಣ್ಣು ಕೊಟ್ಟು ಹೋಗಾನ ನಡಿ."

ಉಚ್ಚಂಗೆಪ್ಪ ಜೇಬನ್ನೇ ನೋಡಿದ. ಆಮೇಲೆ ಚಪ್ಪಲಿ ಬಿಟ್ಟು ಬಗ್ಗಿದ. ಅವನ ಹಿಂದೆ ಒಬ್ಬೊಬ್ಬರೇ ಬಂದರು. ಬಲ್ಬು ಉರಿಯುತ್ತಲೇ ಇತ್ತು, ಸರದಿಯ ಹೊತ್ತು ಕರಗುತ್ತಲೇ ಇತ್ತು. ಹಾರೆ ಹಿಡಿದವರು ಗುಣಿ ಮುಚ್ಚಿ, ಮೇಲೆ ನೀರು ಚಿಮುಕಿಸಿ ಮುಗಿಸುವವರೆಗೂ ಯಾರೂ ಕದಲಲಿಲ್ಲ.

ಮಲ್ಲೇಶಪ್ಪ ಕೊಟ್ರಮ್ಮನ ಮುಂದೆ ಬಂದು ನಿಂತ. "ಅಣ್ಣನ ಅಣು ಬರ್ತೈತೋ ಇಲ್ಲೋ ನಂಗೊತ್ತಿಲ್ಲ ಅತ್ತಿಗೆ. ಇವತ್ತು ಒಬ್ರಾದ ಮ್ಯಾಲೆ ಒಬ್ರು ಹಾಕ್ತೀವಿ. ಮೊದ್ಲು ನಿಮ್ದು."

ಕೊಟ್ರಮ್ಮ ಮಗಳ ಕಡೆ ನೋಡಿದರು. ಕಸ್ತೂರಿ ಮಣ್ಣಾಗಿದ್ದ ಕೈಯನ್ನು ಸೀರೆಗೆ ಒರೆಸಿ, ಪಂಪ್‌ಮನೆಯೊಳಗೆ ಹೋಗಿ ಹಸಿರು ಗುಂಡಿ ಒತ್ತಿದಳು. ಮೋಟಾರು ನರಳಿ ತಿರುಗಿತು. ಜನ ಚಪ್ಪಲಿ ಮೆಟ್ಟಿಕೊಂಡು, ಓಡದೆ, ತಮ್ಮ ತಮ್ಮ ಹೊಲಗಳ ಕಡೆ ನಡೆದರು.

ಅವಳು ಬಾಗಿಲಲ್ಲಿ ನಿಂತು ಕೇಳಿದಳು. ಹಳ್ಳದ ಆಚೆ ಒಂದು ಮೋಟಾರು ಸದ್ದು ಮಾಡಿತು. ಸ್ವಲ್ಪ ತಡೆದು ಅದರ ಪಕ್ಕದ್ದು. ಮತ್ತೆ ತಡೆದು, ಇನ್ನೂ ದೂರದಲ್ಲಿ ಇನ್ನೊಂದು. ಒಂದೊಂದು ಹತ್ತಿಕೊಂಡಾಗಲೂ ತಲೆಯ ಮೇಲಿನ ಬಲ್ಬು ಕುಗ್ಗಿ ಕೆಂಪಗಾಗುತ್ತಿತ್ತು, ಉಸಿರು ಹಿಡಿದಂತೆ ಒಂದು ಗಳಿಗೆ ನಿಂತು, ಮತ್ತೆ ಬೆಳ್ಳಗಾಗುತ್ತಿತ್ತು.