ಬ್ಯಾಂಡೇಜಮ್ಮನ ಪೆಟ್ರೋಲು

ಪೆಟ್ರೋಲಿನ ಮೇಲೆ ತೆರಿಗೆ ಏರಿಸಬೇಕೋ ಬೇಡವೋ ಎಂದು ರಾಜಧಾನಿಯಲ್ಲಿ ದೊಡ್ಡವರು ಕಿತ್ತಾಡುತ್ತಿದ್ದ ಅಷ್ಟೂ ದಿನ ಬ್ಯಾಂಡೇಜಮ್ಮನ ಮನೆಯಲ್ಲಿ ಒಂದು ಹೊತ್ತೂ ನೆಮ್ಮದಿಯಾಗಿ ಊಟ ನಡೆಯಲಿಲ್ಲ. ಕಾರಣ ಅವಳ ಅತ್ತೆ. ಎಪ್ಪತ್ತೈದು ದಾಟಿದ ಆ ಹೆಂಗಸು ರೇಡಿಯೋವನ್ನು ತಟ್ಟೆಯ ಪಕ್ಕದಲ್ಲೇ ಇಟ್ಟುಕೊಂಡು, ಅದರೊಳಗೆ ಮಾತಾಡುವವರ ಜೊತೆ ಜಗಳಕ್ಕೆ ನಿಲ್ಲುತ್ತಿದ್ದಳು. ಒಬ್ಬ ಸದಸ್ಯ ಈ ಹಣದಿಂದ ಹಳ್ಳಿಹಳ್ಳಿಗೂ ಆಸ್ಪತ್ರೆ ಬರುತ್ತದೆ ಎಂದರೆ, "ಬರ್ಲಪ್ಪ, ಬರೋವರೆಗೂ ಕಾಯಿಲೆಗೆ ಏನಂತ ಹೇಳೋಣ, ಸ್ವಲ್ಪ ತಡಿ ಅಂತಾನಾ?" ಎನ್ನುವಳು. ಇನ್ನೊಬ್ಬ ಬಡವರ ಹೊಟ್ಟೆಯ ಮೇಲೆ ಹೊಡೆಯಬೇಡಿ ಎಂದು ಕೂಗಿದರೆ, "ನೀನು ಯಾವತ್ತು ಬಸ್ಸಲ್ಲಿ ನಿಂತ್ಕೊಂಡು ಬಂದಿದ್ದೀಯ, ಹೇಳು ನೋಡೋಣ" ಎಂದು ಅವನನ್ನೂ ಬಿಡುತ್ತಿರಲಿಲ್ಲ. ಎರಡೂ ಪಕ್ಷದವರ ಬಾಯಿ ಮುಚ್ಚಿಸಿ ಕೈ ತೊಳೆಯಲು ಏಳುತ್ತಿದ್ದಳು.

ಬ್ಯಾಂಡೇಜಮ್ಮ ಆರೋಗ್ಯ ಕೇಂದ್ರದ ನರ್ಸು. ಎದ್ದು ಬರಲಾಗದವರ ಮನೆಗೆ ಸ್ಕೂಟರಿನಲ್ಲಿ ಹೋಗಿ ಗಾಯ ತೊಳೆದು ಕಟ್ಟುವುದು ಅವಳ ಕೆಲಸ. ಹೆಸರು ಕರೆದರೆ ಅವಳೇ ತಿರುಗಿ ನೋಡುವುದಿಲ್ಲ, ಬ್ಯಾಂಡೇಜಮ್ಮ ಎಂದರೆ ನೋಡುತ್ತಾಳೆ. ಪೆಟ್ರೋಲು ತುಟ್ಟಿಯಾದ ಮೇಲೆ ಕಚೇರಿಯವರು ದಿನಕ್ಕೆ ಇಷ್ಟೇ ದೂರ ಎಂದು ಪೆಟ್ರೋಲಿಗೆ ಕೊಡುವ ಹಣವನ್ನು ಕಡಿತ ಮಾಡಿದ್ದರು. ಗಾಯಗಳಿಗೆ ಆ ಸುತ್ತೋಲೆ ತಲುಪಿರಲಿಲ್ಲ. ಮಿಕ್ಕ ದೂರಕ್ಕೆ ಅವಳು ತನ್ನ ಕೈಯಿಂದಲೇ ಹಾಕಿಸಿಕೊಳ್ಳುತ್ತಿದ್ದಳು. ಒಂದು ಸಂಜೆ ಶೂ ಬಿಚ್ಚುತ್ತಾ ಅತ್ತೆಯ ಮುಂದೆ ಗೊಣಗಿದ್ದು ಬಿಟ್ಟರೆ ಯಾರಿಗೂ ಹೇಳಿರಲಿಲ್ಲ.

ಮೊದಲು ಫೋನ್ ಮಾಡಿದವನು ಲಾರಿ ತಾತ. ಬಿಸಿನೀರು ಬಿದ್ದು ತೊಡೆ ಸುಟ್ಟುಕೊಂಡಿದ್ದ ಹಳೆಯ ಡ್ರೈವರ್. "ಪೂರ್ತಿ ವಾಸಿ ಆಯ್ತಮ್ಮ, ಇನ್ನು ಬರ್ಬೇಡ" ಎಂದ. ಮಾರನೆಯ ದಿನ ಸೇತುವೆ ಪಕ್ಕದ ಬಾಣಂತಿ, ಹೊಲಿಗೆ ಒಣಗಿದೆ, ನಮ್ಮಮ್ಮನೇ ನೋಡ್ಕೋತಾಳೆ ಎಂದಳು. ಅದರ ಮಾರನೆಯ ದಿನ ಟೈಲರ್ ಅಕ್ಕ.

ಟೈಲರ್ ಅಕ್ಕನ ಮಾತು ಮಾತ್ರ ಎದೆಗೆ ನಾಟಿತು. ಅವಳ ಮನೆ ಗುಡ್ಡದ ಮೇಲೆ, ರಸ್ತೆ ಮುಗಿಯುವಲ್ಲಿ. ಸಕ್ಕರೆ ಕಾಯಿಲೆ, ಬಲ ಕಣಕಾಲಿನ ಹತ್ತಿರ ಹುಣ್ಣು. ಎರಡು ದಿನಕ್ಕೊಮ್ಮೆ ಬಿಚ್ಚಿ ಕಟ್ಟಬೇಕು, ತಪ್ಪಿದರೆ ಪಾದ ಉಳಿಯುವುದಿಲ್ಲ ಎಂದು ದೊಡ್ಡಾಸ್ಪತ್ರೆಯ ಡಾಕ್ಟರು ಮೊದಲೇ ಹೇಳಿದ್ದರು. ಕಾಲಲ್ಲಿ ತುಳಿಯುವ ಮಿಷನ್ನಿನಿಂದಲೇ ಹೊಟ್ಟೆ ಹೊರೆಯುವವಳಿಗೆ ಪಾದ ಹೋದರೆ ಇನ್ನೇನು ಉಳಿಯುತ್ತದೆ? ಎರಡು ತಿಂಗಳು ಬ್ಯಾಂಡೇಜಮ್ಮ ಒಂದು ಸರದಿಯನ್ನೂ ತಪ್ಪಿಸಿರಲಿಲ್ಲ. ಅಂಗೈಯಗಲ ಇದ್ದ ಹುಣ್ಣು ಕೋಟಿನ ಗುಂಡಿಯಷ್ಟಕ್ಕೆ ಇಳಿದಿತ್ತು. ಅವಳು ಕಟ್ಟುತ್ತಿದ್ದಷ್ಟು ಹೊತ್ತೂ ಅಕ್ಕ ಎಡಗಾಲೊಂದರಲ್ಲೇ ಮಿಷನ್ ತುಳಿಯುತ್ತಾ, ಊರಿನ ಹೆಂಗಸರ ಸೊಂಟದ ಅಳತೆಗಳ ಬಗ್ಗೆ ಹೊರಗೆ ಹೇಳಬಾರದ್ದನ್ನೆಲ್ಲ ಹೇಳಿ ನಗಿಸುತ್ತಿದ್ದಳು.

ಆ ಅಕ್ಕ ಫೋನಿನಲ್ಲಿ ಹೇಳಿದ್ದು: "ನನ್ನ ತಮ್ಮ ಬಂದಿದ್ದ ಕಣೇ. ಕಾರಲ್ಲಿ ಕರ್ಕೊಂಡ್ಹೋಗಿ ದೊಡ್ಡ ಡಾಕ್ಟ್ರಿಗೆ ತೋರಿಸ್ದ. ಇನ್ನು ಕಟ್ಟೋದೇ ಬೇಡ ಅಂದ್ರು. ನೀನು ಸುಮ್ನೆ ಇಷ್ಟು ದೂರ ಬರ್ಬೇಡ."

ಅಕ್ಕನಿಗೊಬ್ಬ ತಮ್ಮನಿದ್ದಾನೆ ಎಂಬುದೇ ಬ್ಯಾಂಡೇಜಮ್ಮನಿಗೆ ಗೊತ್ತಿರಲಿಲ್ಲ. ಎರಡು ತಿಂಗಳ ಹರಟೆಯಲ್ಲಿ ಕಾರಿರುವ ತಮ್ಮನ ಸುದ್ದಿ ಒಮ್ಮೆಯೂ ಬಂದಿರಲಿಲ್ಲವಲ್ಲ ಎಂದು ಬೇಜಾರಾಯಿತು. ಒಂದೇ ವಾರದಲ್ಲಿ ಮೂವರು ಬೇಡ ಅಂದರೆ ತಪ್ಪು ತನ್ನದೇ ಇರಬೇಕು. ಸುಟ್ಟ ಗಾಯಕ್ಕೆ ಟೂತ್‌ಪೇಸ್ಟ್ ಮೆತ್ತಿಕೊಂಡಿದ್ದಕ್ಕೆ ಲಾರಿ ತಾತನನ್ನು ಬೈದದ್ದು ಜಾಸ್ತಿಯಾಯಿತೇ? ತನ್ನ ಕೈ ಒರಟಾಯಿತೇ? ಸ್ನಾನದ ಮನೆಯ ಕನ್ನಡಿಯ ಮುಂದೆ ನಿಂತು ತನ್ನ ಬೆರಳುಗಳನ್ನು ತಾನೇ ಹಿಂದೆಮುಂದೆ ತಿರುಗಿಸಿ ನೋಡಿಕೊಂಡಳು.

ಎಂಟನೆಯ ದಿನ ತಡೆಯಲಾಗದೆ ತಾನೇ ಅಕ್ಕನಿಗೆ ಫೋನ್ ಮಾಡಿದಳು.

"ಎಷ್ಟು ಸಲ ಹೇಳೋದು? ಚೆನ್ನಾಗಿದ್ದೀನಿ. ನೋಡು, ಎರಡೂ ಕಾಲಲ್ಲಿ ತುಳೀತಾ ಇದ್ದೀನಿ. ಬೇಕಾದ್ರೆ ಕೇಳು" ಎಂದು ಅಕ್ಕ ಫೋನನ್ನು ಮಿಷನ್ನಿನ ಹತ್ತಿರ ಹಿಡಿದಳು.

ಬ್ಯಾಂಡೇಜಮ್ಮ ಕೇಳಿದಳು. ಎರಡು ಕಾಲು ತುಳಿದರೆ ಮಿಷನ್ನು ಒಂದೇ ಸಮನೆ ಓಡುತ್ತದೆ. ಇದು ನಾಲ್ಕು ಹೆಜ್ಜೆ ಓಡಿ, ಉಸಿರು ಸಿಕ್ಕಿಕೊಂಡು, ಮತ್ತೆ ನಾಲ್ಕು ಹೆಜ್ಜೆ ಓಡುತ್ತಿತ್ತು. ಒಂಟಿ ಎಡಗಾಲಿನ ಆ ಕುಂಟು ಸದ್ದು ಎರಡು ತಿಂಗಳಿಂದ ಅವಳ ಕಿವಿಯಲ್ಲೇ ಇತ್ತು. ಚೀಲ ಹೆಗಲಿಗೇರಿಸಿ ಸ್ಕೂಟರ್ ಹತ್ತಿದಳು.

ಅಕ್ಕನ ಕೋಣೆಯಲ್ಲಿ ಕಿಟಕಿಯ ಪಕ್ಕದಲ್ಲಿ ಮಿಷನ್ನು, ಗೋಡೆಯ ಮೊಳೆಗಳಿಗೆ ನೂಲಿನ ಉಂಡೆಗಳು, ನೆಲದ ಮೇಲೆ ಕತ್ತರಿಸಿಟ್ಟ ಶಾಲೆಯ ಸಮವಸ್ತ್ರಗಳು. ಬಾಗಿಲಲ್ಲಿ ಬ್ಯಾಂಡೇಜಮ್ಮನನ್ನು ಕಂಡ ಕೂಡಲೇ ಅಕ್ಕ ಬಲಗಾಲನ್ನು ಬಟ್ಟೆಯ ರಾಶಿಯೊಳಗೆ ಸೇರಿಸಿದಳು.

"ತೆಗೀರಿ ಕಾಲು."

"ಟೀ ಕುಡೀತೀಯಾ?"

"ಕಾಲು ತೆಗೀರಿ ಅಕ್ಕಾ."

ಕಾಲಿಗೆ ಅಕ್ಕ ಬಿಳಿ ಪಾಪ್ಲಿನ್ ಪಟ್ಟಿ ಸುತ್ತಿಕೊಂಡಿದ್ದಳು. ಒಗೆದು, ಇಸ್ತ್ರಿ ಮಾಡಿದ ಪಟ್ಟಿ. ಅಂಚಿನ ನೂಲು ಬಿಚ್ಚಿ ಗಾಯಕ್ಕೆ ಸೇರಬಾರದೆಂದು ಎರಡೂ ಕಡೆ ಮಡಿಸಿ ನೀಟಾಗಿ ಹೊಲಿದಿದ್ದಳು. ಇಂಥ ತಪ್ಪನ್ನು ಟೈಲರೊಬ್ಬಳೇ ಮಾಡಬಲ್ಲಳು. ಆ ಮಡಿಕೆಯ ಏಣು ಎಂಟು ದಿನ ಹುಣ್ಣಿನ ಬಾಯಿಯನ್ನೇ ಉಜ್ಜಿ, ಮುಚ್ಚುತ್ತಿದ್ದುದನ್ನು ಮತ್ತೆ ತೆರೆದಿತ್ತು. ಕೆಂಪು ಮೀನಖಂಡದವರೆಗೆ ಏರಿತ್ತು. ಮುಟ್ಟಿದರೆ ಕೆಂಡ.

"ಜ್ವರ ಯಾವಾಗಿಂದ?"

"ಮೊನ್ನೆಯಿಂದ. ಜಾಸ್ತಿ ಏನಿಲ್ಲ."

"ನಿಮ್ಮ ಆ ತಮ್ಮ ಎಲ್ಲಿ? ನಾಲ್ಕು ಮಾತು ಆಡ್ಬೇಕು ನಂಗೆ ಅವನ ಹತ್ರ."

ಅಕ್ಕ ತಲೆ ತಗ್ಗಿಸಿದಳು. "ನಂಗೆ ತಮ್ಮನೇ ಇಲ್ಲ ಕಣೇ. ನಿಮ್ಮತ್ತೆ ನಿನ್ನ ಪುಸ್ತಕದಲ್ಲಿ ನಂಬರ್ ನೋಡಿ ಫೋನ್ ಮಾಡಿದ್ರು. ನನ್ನ ಸೊಸೆ ಸಂಬಳ ಎಲ್ಲಾ ರಸ್ತೆ ಮೇಲೆ ಸುಡ್ತಿದ್ದಾಳೆ, ಇನ್ನು ತೆರಿಗೆ ಬೇರೆ ಹಾಕ್ತಾರಂತೆ, ನಿಜವಾಗ್ಲೂ ಬೇಕಾದೋರು ಮಾತ್ರ ಕರೀರಿ ಅಂದ್ರು. ನಂಗಿಂತ ಕಷ್ಟದಲ್ಲಿರೋರು ಇರ್ತಾರಲ್ಲ, ಪಾಪ ಆ ಲಾರಿ ತಾತ, ಅವರಿಗಾಗ್ಲಿ ಅಂದ್ಕೊಂಡೆ."

ಲಾರಿ ತಾತನೂ ಹೀಗೇ ಬೇರೆ ಯಾರಿಗೋ ಆಗಲಿ ಅಂದುಕೊಂಡಿದ್ದಾನೆ, ಬಾಣಂತಿಯೂ ಅಷ್ಟೇ ಎಂದು ಬ್ಯಾಂಡೇಜಮ್ಮನಿಗೆ ಆಗ ಹೊಳೆಯಿತು. ತನ್ನ ಕೈ ಒರಟೆಂದಲ್ಲ, ತನ್ನ ಮೇಲಿನ ಅಕ್ಕರೆಗೆ ಇವರೆಲ್ಲ ಬಾಗಿಲು ಮುಚ್ಚಿಕೊಂಡು ನರಳುತ್ತಿದ್ದಾರೆ. ಸಿಟ್ಟು, ಪ್ರೀತಿ ಎರಡೂ ಒಟ್ಟಿಗೆ ಉಕ್ಕಿ ಅವಳು ನೆಲದ ಮೇಲೆ ಕುಳಿತಲ್ಲೇ ಅತ್ತುಬಿಟ್ಟಳು. ಅಳುತ್ತಲೇ ಗಾಯ ತೊಳೆದಳು.

ಆಂಬುಲೆನ್ಸಿಗೆ ಕೇಳಿದರೆ ಎರಡು ಗಂಟೆಯಾಗುತ್ತದೆ ಎಂದರು. ಆಮೇಲೆ ಅವಳು ಮನೆಗೆ ಫೋನ್ ಮಾಡಿದಳು. ಆ ಕಡೆ ರೇಡಿಯೋದಲ್ಲಿ ಚರ್ಚೆ ಇನ್ನೂ ಬಿಸಿಯಾಗಿತ್ತು.

"ಅತ್ತೆ, ಅದನ್ನ ಆರಿಸಿ. ಅಕ್ಕನ ಕಾಲು ಕೆಟ್ಟೋಗಿದೆ, ಆಸ್ಪತ್ರೆಗೆ ಕರ್ಕೊಂಡ್ಹೋಗ್ತಿದ್ದೀನಿ. ನೀವು ಯಾರ್ಯಾರಿಗೆ ಫೋನ್ ಮಾಡಿದ್ರೋ ಅಷ್ಟೂ ಜನಕ್ಕೆ ಮತ್ತೆ ಮಾಡಿ. ನಾಳೆ ಬರ್ತಾಳೆ, ಗಾಯ ತೋರಿಸ್ಲೇಬೇಕು ಅಂತ ಹೇಳಿ."

ರೇಡಿಯೋ ಬಾಯಿ ಮುಚ್ಚಿತು. ಇಡೀ ಸದನಕ್ಕೆ ಉತ್ತರ ಕೊಡುತ್ತಿದ್ದ ಅತ್ತೆ, "ನೀನು ಸಣ್ಣಗಾಗ್ತಿದ್ದೀಯ ಅಂತ ಮಾಡ್ದೆ ಕಣೇ" ಎಂದಳು ಅಷ್ಟೇ.

"ಗೊತ್ತು ಅತ್ತೆ."

ಅಕ್ಕನ ಪಾದ ಉಳಿಯಿತು ಎಂದು ಇಲ್ಲೇ ಹೇಳಿಬಿಡುವುದು ಒಳ್ಳೆಯದು, ಕೇಳುವವರನ್ನು ಸುಮ್ಮನೆ ಕಾಡಿಸಬಾರದು. ಹದಿನೆಂಟು ದಿನ ಮಂಚದ ಮೇಲೆ ಮಲಗಿ, ಕಿರುಬೆರಳೊಂದನ್ನು ಕಳೆದುಕೊಂಡು ಮನೆಗೆ ಬಂದಳು. ಆದರೆ ಆ ಮಧ್ಯಾಹ್ನ ಸ್ಕೂಟರಿನ ಮೇಲಿದ್ದ ಇಬ್ಬರಿಗೂ ಅದು ಗೊತ್ತಿರಲಿಲ್ಲ. ಅಕ್ಕನ ಜ್ವರದ ಬಿಸಿ ಬ್ಯಾಂಡೇಜಮ್ಮನ ಬೆನ್ನಿಗೆ ತಾಗುತ್ತಿತ್ತು. ಗುಡ್ಡ ಇಳಿದು, ಸೇತುವೆ ದಾಟಿ, ಪೇಟೆಯ ಕಡೆಯ ಏರು ಶುರುವಾಗುತ್ತಲೇ ಸ್ಕೂಟರು ಗೊರಗೊರ ಎಂದು ನರಳಿತು.

"ನಿಲ್ಸು, ನಿಲ್ಸು" ಎಂದಳು ಅಕ್ಕ.

"ಯಾಕೆ, ನೋವಾ?"

"ಇಲ್ಲ. ಇಳೀತೀನಿ. ಈ ಏರೊಂದು ನಡ್ಕೊಂಡು ಬರ್ತೀನಿ. ನನ್ನ ಭಾರಕ್ಕೆ ಇದು ಎಷ್ಟು ಪೆಟ್ರೋಲ್ ಕುಡಿಯುತ್ತೋ ಏನೋ."

ಹೇಳುತ್ತಲೇ ಎಡಗಾಲನ್ನು ನೆಲಕ್ಕೆ ಚಾಚಿದಳು. ಬ್ಯಾಂಡೇಜಮ್ಮ ಎಡಗೈಯನ್ನು ಹ್ಯಾಂಡಲಿನಿಂದ ತೆಗೆದು, ತನ್ನ ಸೊಂಟ ಬಳಸಿದ್ದ ಅಕ್ಕನ ಕೈಯನ್ನು ಹೊಟ್ಟೆಗೆ ಒತ್ತಿ ಹಿಡಿದಳು.

"ಕುಡೀಲಿ ಅಕ್ಕಾ" ಎಂದಳು. ಏರು ಮುಗಿಯುವವರೆಗೂ ಆ ಕೈ ಬಿಡಲಿಲ್ಲ.