ತೊಟ್ಟಿಗೆ ಹಾಕಿದ ಕರೀ ಔಷಧಿ

ಹರಿಹರದಲ್ಲಿ ಹೊಳೆಯ ಕಡೆ ಇಳಿಯುವ ಓಣಿಯ ಕೊನೆಯ ಮನೆ ಶಹಜಾದಿಯದು. ಗಂಡ ಜಮಾಲುದ್ದೀನ್ ಬಡಗಿ. ಬಾಗಿಲು ಕಿಟಕಿಗಳ ಜೊತೆಗೆ ಜೇನುಪೆಟ್ಟಿಗೆಗಳನ್ನೂ ಮಾಡುತ್ತಿದ್ದರು. ಅವರು ತೀರಿಕೊಂಡ ಮೇಲೆ ಹಿತ್ತಲಿನ ನುಗ್ಗೆಮರದ ಕೆಳಗಿದ್ದ ಪೆಟ್ಟಿಗೆಗಳನ್ನು ಕೊಟ್ಟುಬಿಡು ಎಂದು ನೆಂಟರು ಹೇಳಿದರು. ಶಹಜಾದಿ ಕೊಡಲಿಲ್ಲ. ಬೆಳಿಗ್ಗೆ ಎದ್ದು ಮೊದಲು ಜೇನಿನ ಹತ್ತಿರ ಹೋಗಿ ನಿಂತು, ಆಮೇಲೆ ಚಹಾಕ್ಕೆ ನೀರಿಡುವುದು ಆಕೆಗೆ ಅಭ್ಯಾಸವಾಗಿಹೋಗಿತ್ತು.

ಮಗಳು ಮುಬಶ್ಶಿರಾ ದಾವಣಗೆರೆಯಲ್ಲಿ ಕೀಟಗಳ ಮೇಲೆ ಸಂಶೋಧನೆ ಮಾಡುತ್ತಿದ್ದಳು. ಬಸ್ಸಿನಲ್ಲಿ ಹತ್ತಿರದ ದಾರಿಯೇ ಆದರೂ ಲ್ಯಾಬಿನ ಕೆಲಸಕ್ಕೆ ಹೊತ್ತುಗೊತ್ತು ಇರಲಿಲ್ಲ. ಹಾಗಾಗಿ ವಿದ್ಯಾನಗರದಲ್ಲಿ ಗೆಳತಿ ಆಶಾಳ ಜೊತೆ ರೂಮು ಮಾಡಿಕೊಂಡಿದ್ದಳು. ಆಶಾ ಜಗಳೂರು ಕಡೆಯ ಒಕ್ಕಲು ಮನೆತನದವಳು. ಇಬ್ಬರಿಗೂ ಗೈಡ್ ಒಬ್ಬರೇ, ಕೊಟ್ರೇಶ್ ಸರ್. ಹರಿಹರದ ಮನೆಗೆ ಬಂದರೆ ಆಶಾ ಕೂಡ ಶಹಜಾದಿಯನ್ನು ‘ಅಮ್ಮಿ’ ಎಂದೇ ಕರೆಯುತ್ತಿದ್ದಳು, ಅಡುಗೆಮನೆಯಲ್ಲಿ ತಾನೇ ತಟ್ಟೆ ಹಾಕಿಕೊಂಡು ಕೂರುತ್ತಿದ್ದಳು.

ಆಶಾ ಕಬ್ಬಿಣದ ಅತಿ ಸಣ್ಣ ಕಣಗಳಿಂದ ಸೊಳ್ಳೆಮರಿ ಕೊಲ್ಲುವ ಔಷಧಿ ತಯಾರಿಸಿದ್ದಳು. ಬರಿಗಣ್ಣಿಗೆ ಬಿಡಿಬಿಡಿಯಾಗಿ ಕಾಣದ ಆ ಕಣಗಳು ನೀರಿನಲ್ಲಿ ಕರಗಿದಂತೆ ನಿಲ್ಲುತ್ತಿದ್ದವು. ಬಾಟಲಿಗೆ ಆಯಸ್ಕಾಂತ ಹಿಡಿದರೆ ಮಾತ್ರ ಕಪ್ಪಗೆ ಒಂದು ಕಡೆ ಬಂದು ಕೂಡುತ್ತಿದ್ದವು. ತೊಟ್ಟಿಗೆ ಹಾಕಿದ ಮಾರನೆಯ ದಿನವೇ ಸೊಳ್ಳೆಮರಿಗಳು ಸತ್ತು ತೇಲುತ್ತಿದ್ದವು. ದಾವಣಗೆರೆ ಪಕ್ಕದ ಆವರಗೆರೆಯ ನೀರಿನ ತೊಟ್ಟಿಗಳಲ್ಲಿ ಇದನ್ನು ಬಳಸಿ ನೋಡುವ ಮಾತುಕತೆಯೂ ನಡೆದಿತ್ತು.

ಅದೇ ನೀರನ್ನು ಜೇನು ಕುಡಿದರೆ? ಈ ಪ್ರಶ್ನೆ ಎತ್ತಿದವಳು ಮುಬಶ್ಶಿರಾ. ಸಕ್ಕರೆ ಪಾಕದಲ್ಲಿ ಸ್ವಲ್ಪವೇ ಬೆರೆಸಿ ಜೇನುನೊಣಗಳಿಗೆ ಕೊಟ್ಟು ನೋಡಿದಳು. ಮೊದಮೊದಲು ಏನೂ ಆಗಲಿಲ್ಲ. ಆಮೇಲೆ ಅವು ಪಂಜರದ ಜಾಲರಿ ಹತ್ತಲಾರದೆ ಜಾರತೊಡಗಿದವು, ತಳದಲ್ಲಿ ಗುಂಪಾಗಿ ಬಿದ್ದು ಕಾಲು ಮುದುರಿಕೊಂಡವು. ಮೊದಲು ಹೇಳಿದ್ದು ಆಶಾಳಿಗೆ.

ಆಶಾ ಬಗ್ಗಿ ಪಂಜರದೊಳಗೆ ನೋಡಿದಳು. “ಸರ್‌ಗೆ ಈಗ್ಲೇ ಹೇಳೋದು ಬ್ಯಾಡ ಕಣೆ. ಇನ್ನೊಂದ್ಸಲ ಮಾಡಿ ನೋಡೋಣ. ನನ್ನ ಥೀಸಿಸ್ ಪೂರಾ ಇದರ ಮೇಲೇ ನಿಂತೈತೆ.”

“ಆಯ್ತು ಬಿಡು, ಮತ್ತೆ ಮಾಡ್ತೀನಿ,” ಅಂದಳು ಮುಬಶ್ಶಿರಾ. ಗೆಳತಿ ತಾನೇ.

ಎರಡನೆಯ ಸಲದ ಪ್ರಯೋಗ ಶುರುವಾದ ಮೇಲೆ ಮುಬಶ್ಶಿರಾಳಿಗೆ ಊರಿಗೆ ಹೋಗಲು ಆಗಲಿಲ್ಲ. ಫೋನಿನಲ್ಲಿ ಅಮ್ಮಿ ಛೇಡಿಸುತ್ತಿದ್ದಳು: “ನೀನು ಬರದಿದ್ರೂ ಆಶಾ ಬರ್ತಾಳೆ ನೋಡು. ಬಂದೋಳು ಸುಮ್ನೆ ಕೂರಲ್ಲ, ಹಿತ್ತಲು ಗುಡಿಸಿಯೇ ಹೋಗೋದು.” ಮುಬಶ್ಶಿರಾಳಿಗೆ ಅದು ಖುಷಿಯೇ. ತನಗೆ ಬಿಡುವಿಲ್ಲದಾಗ ಅಮ್ಮಿಯನ್ನು ನೋಡಿಕೊಂಡು ಬರುತ್ತಾಳಲ್ಲ ಎಂದು ಆಶಾಳ ಮೇಲೆ ಇನ್ನಷ್ಟು ಪ್ರೀತಿ ಬಂತು.

ಎರಡನೆಯ ಸಲವೂ ನೊಣಗಳು ಹಾಗೆಯೇ ಸತ್ತದ್ದನ್ನು ಆಶಾಳಿಗೆ ತೋರಿಸಿ, ಒಂದು ಭಾನುವಾರ ಬಿಡುವು ಮಾಡಿಕೊಂಡು ಹರಿಹರಕ್ಕೆ ಹೋದಳು. ಹಿತ್ತಲಿಗೆ ಕಾಲಿಟ್ಟಾಗ ಮೊದಲು ತಟ್ಟಿದ್ದು ಅಲ್ಲಿನ ಮೌನ. ಒಂದು ಪೆಟ್ಟಿಗೆಯ ಬಾಯಲ್ಲಿ ನೊಣಗಳೇ ಇರಲಿಲ್ಲ. ನೀರಿನ ತೊಟ್ಟಿಯ ಸುತ್ತ ಹಲವು ನೊಣಗಳು ಹಾರಲಾರದೆ ನೆಲದ ಮೇಲೆ ತೆವಳುತ್ತಿದ್ದವು. ಒಂದನ್ನು ಬೆರಳ ಮೇಲೆ ಹತ್ತಿಸಿಕೊಳ್ಳಲು ನೋಡಿದಳು. ಅದು ಜಾರಿತು. ಆ ಜಾರುವಿಕೆಯನ್ನು ಅವಳು ಲ್ಯಾಬಿನಲ್ಲಿ ನೋಡಿದ್ದಳು.

“ಅಮ್ಮಿ, ಈ ತೊಟ್ಟಿಗೆ ಏನು ಹಾಕಿದ್ದಿ?”

“ಅದೇ, ನೀನು ಕಳಿಸಿದ್ದ ಕರೀ ಔಷಧಿ. ಸೊಳ್ಳೆ ಜಾಸ್ತಿ ಅಂದಿದ್ದೆನಲ್ಲ.”

“ನಾನು ಕಳಿಸಿದ್ನಾ?”

“ಹೂಂ ಮತ್ತೆ. ಮುಬಶ್ಶಿರಾ ಕೊಟ್ಟಾಳೆ, ಜೇನಿಗೇನೂ ಆಗಲ್ಲ ಅಂತ ಅವಳೇ ನೋಡ್ಯಾಳೆ ಅಂದ್ಲು ಆಶಾ.”

ಮುಬಶ್ಶಿರಾ ಸತ್ತ ನೊಣವೊಂದರ ಹೊಟ್ಟೆ ಬಿಡಿಸಿ ಗಾಜಿನ ಮೇಲೆ ನೀರು ಹಾಕಿ ಹರಡಿದಳು. ಹಳೇ ಸ್ಪೀಕರಿನ ಆಯಸ್ಕಾಂತವನ್ನು ಗಾಜಿನ ಕೆಳಗೆ ಸರಿಸಿದಾಗ ಕಪ್ಪು ಚುಕ್ಕೆಗಳು ಅದರ ಹಿಂದೆಯೇ ಸರಿದವು. ಅಮ್ಮಿ ಪಕ್ಕದಲ್ಲಿ ನಿಂತು ನೋಡುತ್ತಿದ್ದಳು. ಕೊಡ ತಂದು ತೊಟ್ಟಿಯ ನೀರನ್ನು ತೋಡಿ ತೋಡಿ ದೂರದ ಗುಂಡಿಗೆ ಸುರಿದಳು.

ಸಂಜೆ ರೂಮಿನಲ್ಲಿ ಆಶಾ ಬಟ್ಟೆ ಮಡಚುತ್ತಿದ್ದಳು. ಮುಬಶ್ಶಿರಾ ಬಾಗಿಲಲ್ಲೇ ನಿಂತು ಕೇಳಿದಳು: “ಹಿತ್ತಲು ಯಾಕ ಗುಡಿಸ್ತಿದ್ದೆ ಆಶಾ?”

ಆಶಾಳ ಕೈ ನಿಂತಿತು.

“ಸತ್ತ ನೊಣ ಎಣಿಸೋಕೆ ಅಲ್ವಾ? ಅಮ್ಮಿ ಕಣ್ಣಿಗೆ ಬೀಳಬಾರದು ಅಂತ ಗುಡಿಸ್ತಿದ್ದೆ ಅಲ್ವಾ?”

“ಹೊಳೆ ಪಕ್ಕದಲ್ಲೇ ಐತಲ್ಲ, ಅಲ್ಲಿಗೇ ಹೋಗಿ ನೀರು ಕುಡೀತಾವೆ ಅಂದ್ಕೊಂಡೆ,” ಎಂದಳು ಆಶಾ ತಲೆ ಎತ್ತದೆ. “ಲ್ಯಾಬಲ್ಲಿ ಆಗಿದ್ದು ಹೊರಗೆ ಆಗಲ್ಲ ಅಂತ ತೋರಿಸ್ಬೇಕಿತ್ತು. ಬೇರೆ ಯಾರ ಮನೇಲಿ ಜೇನು ಐತೆ ಹೇಳು ನನಗೆ?”

“ನನ್ನ ಹೆಸರು ಯಾಕ ಹೇಳ್ದೆ?”

“ನಿನ್ನ ಹೆಸರು ಹೇಳದಿದ್ರೆ ಅಮ್ಮಿ ಹಾಕಿಸ್ಕೊಳ್ತಿರಲಿಲ್ಲ.” ಇಷ್ಟು ಹೇಳಿ ಆಶಾ ಅತ್ತಳು. ಮುಂದಿನ ವಾರದ ಸೆಮಿನಾರಿನಲ್ಲಿ ಎಲ್ಲವನ್ನೂ ತಾನೇ ಹೇಳುತ್ತೇನೆ, ಅಲ್ಲಿಯವರೆಗೆ ಸುಮ್ಮನಿರು ಎಂದು ಕೈಹಿಡಿದು ಬೇಡಿಕೊಂಡಳು. ಮುಬಶ್ಶಿರಾ ನಂಬಿದಳು.

ಸೆಮಿನಾರಿನ ದಿನ ಹಾಲ್ ತುಂಬಿತ್ತು. ಆಶಾ ಚೆನ್ನಾಗಿ ಮಾತಾಡಿದಳು. ಕೊನೆಯಲ್ಲಿ ಪರದೆಯ ಮೇಲೆ ಶಹಜಾದಿಯ ಹಿತ್ತಲು ಬಂತು: ನುಗ್ಗೆಮರ, ಅದರ ಕೆಳಗೆ ಜಮಾಲುದ್ದೀನರ ಕೈಯ ಪೆಟ್ಟಿಗೆಗಳು. “ಹರಿಹರದ ಒಂದು ಮನೆಯಲ್ಲಿ ಬಳಸಿ ನೋಡಿದ್ದೇವೆ. ಜೇನುಹುಳುಗಳ ಮೇಲೆ ಯಾವ ಪರಿಣಾಮವೂ ಕಂಡುಬಂದಿಲ್ಲ. ಗೆಳತಿ ಮುಬಶ್ಶಿರಾ ಇದಕ್ಕೆ ನೆರವಾಗಿದ್ದಾರೆ.”

ಮುಬಶ್ಶಿರಾ ಎದ್ದು ನಿಂತಳು.

“ಸರ್, ಅದು ನಮ್ಮನೆ. ಅಲ್ಲಿನ ಒಂದು ಪೆಟ್ಟಿಗೇಲಿ ಈಗ ಜೇನಿಲ್ಲ. ಲ್ಯಾಬಲ್ಲೂ ಎರಡು ಸಲ ಸತ್ತಿದಾವೆ. ಆಶಾಗೆ ಗೊತ್ತು.”

ಕೊಟ್ರೇಶ್ ಸರ್ ಆಶಾಳ ಕಡೆ ತಿರುಗಿದರು. “ಹೌದೇನಮ್ಮ?”

ಆಶಾ ಮುಬಶ್ಶಿರಾಳನ್ನು ನೋಡಿದಳು. ಆ ನೋಟದಲ್ಲಿ ನಾಚಿಕೆಗಿಂತ ಸಿಟ್ಟೇ ಹೆಚ್ಚಿತ್ತು, ಮೋಸ ಹೋದವಳು ತಾನೇ ಎಂಬಂತೆ.

ಆವರಗೆರೆಯ ಯೋಜನೆ ನಿಂತಿತು. ಎಲ್ಲವನ್ನೂ ಮೊದಲಿನಿಂದ ಪರೀಕ್ಷಿಸಬೇಕೆಂದು ಸರ್ ಹೇಳಿದರು. “ನೀನೂ ಮೊದಲೇ ಬಂದು ಹೇಳ್ಬೇಕಿತ್ತು,” ಎಂದು ಮುಬಶ್ಶಿರಾಳನ್ನೂ ಗದರಿದರು. ಆಶಾ ರೂಮು ಬದಲಿಸಿದಳು.

ಕೆಲವು ದಿನಗಳ ನಂತರ ಆಶಾ ಒಬ್ಬಳೇ ಹರಿಹರದ ಮನೆಗೆ ಬಂದಳು. ಮುಬಶ್ಶಿರಾ ಒಳಗಿನಿಂದಲೇ ನೋಡಿದಳು. ಅಮ್ಮಿ ಬಾಗಿಲಿಗೆ ಹೋಗಿ ಚೊಂಬಿನಲ್ಲಿ ನೀರು ಕೊಟ್ಟಳು.

“ಕುಡೀರಿ. ಬಿಸಿಲಲ್ಲಿ ಬಂದೀರಿ.”

ಯಾವತ್ತೂ ‘ಬಾರೇ, ಕೂರೇ’ ಎನ್ನುತ್ತಿದ್ದವಳ ಬಾಯಲ್ಲಿ ಆ ‘ರಿ’ ಕೇಳಿ ಆಶಾಳ ಮುಖ ಇಳಿಯಿತು. “ತಪ್ಪಾತು ಅಮ್ಮಿ,” ಎಂದಳು.

“ಆತು ಬಿಡ್ರಿ,” ಎಂದು ಶಹಜಾದಿ ಚೊಂಬು ವಾಪಸು ಪಡೆದಳು. ಒಳಗೆ ಬನ್ನಿ ಎನ್ನಲಿಲ್ಲ.

ಆಶಾ ಓಣಿಯ ತಿರುವು ದಾಟಿದ ಮೇಲೆ ಅಮ್ಮಿ ಹೊಸಿಲ ಮೇಲೆ ಕೂತಳು. “ಜೇನು ಸತ್ತಿದ್ದು ಒಂದು ಕಡೆ ಇರ್ಲಿ ಬೇಟಿ. ಗುಡಿಸ್ತಾ ಗುಡಿಸ್ತಾನೇ ನನ್ನ ಜೊತೆ ನಗ್ತಾ ಮಾತಾಡ್ತಿದ್ಲಲ್ಲ, ಅದು ಹೆಂಗೆ ಆತು ಅವಳ ಕೈಲಿ?”

ಮುಬಶ್ಶಿರಾ ಅಮ್ಮಿಯ ಪಕ್ಕ ಹೋಗಿ ಕೂತಳು. ಆ ವರ್ಷ ಅವರು ಜೇನುತುಪ್ಪ ಇಳಿಸಲಿಲ್ಲ. ಉಳಿದ ನೊಣಗಳಿಗೇ ಇರಲಿ ಎಂದು ಬಿಟ್ಟರು.